ಭೂತಕಾಲದ ಪಾಠ ಪಟ್ಟಿಗೇ ನಿಲ್ಲಬಾರದು

ಮಾನ್ಯರೇ,

ಇಂಗ್ಲಿಷಿನ ಭೂತಕಾಲವೆಂದರೆ ‘ಗೋ, ವೆಂಟ್, ಗಾನ್’ ಪಟ್ಟಿಯ ಬಾಯಿಪಾಠ ಎಂಬಂತಾಗಿದೆ. ಕನ್ನಡ ಮಾಧ್ಯಮದ ಮಕ್ಕಳು ಎಡವುವುದು ನಿಷೇಧ ಮತ್ತು ಪ್ರಶ್ನೆಗಳಲ್ಲಿ: ‘ಐ ಡಿಡ್ ನಾಟ್ ವೆಂಟ್’. ‘ಡಿಡ್’ ಬಂದೊಡನೆ ಕಾಲ ಸೂಚಿಸುವ ಹೊಣೆ ಅದರದ್ದು. ಕ್ರಿಯಾಪದ ಮೂಲರೂಪ ‘ಗೋ’ಗೆ ಮರಳಲೇಬೇಕು. ಕನ್ನಡದಲ್ಲೂ ‘ಹೋದೆ’ ಎಂಬುದು ‘ಹೋಗಲಿಲ್ಲ’ ಆಗುತ್ತದೆಯೇ ಹೊರತು ‘ಹೋದೆ ಇಲ್ಲ’ ಆಗದು. ಎರಡನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಬರೆದು ತೋರಿಸಿದರೆ ಮಕ್ಕಳಿಗೆ ಸಲೀಸು. ‘ವಾಸ್’, ‘ವರ್’ಗಳಿಗೆ ‘ಡಿಡ್’ ಬೇಡ; ‘ನಾಟ್’ ಸೇರಿಸಿದರಾಯಿತು.

ಉಚ್ಚಾರಣೆಯನ್ನಂತೂ ಯಾರೂ ತಿದ್ದುತ್ತಿಲ್ಲ. ‘ವಾಕೆಡ್’ ತಪ್ಪು, ‘ವಾಕ್ಟ್’ ಸರಿ. ಕ್, ಪ್, ಸ್ ಧ್ವನಿಗಳ ನಂತರ ‘ಟ್’, ‘ಪ್ಲೇ’ಯಂಥವಕ್ಕೆ ‘ಡ್’. ಟ್ ಅಥವಾ ಡ್ ಧ್ವನಿಯಲ್ಲಿ ಮುಗಿದರೆ ಮಾತ್ರ ‘ವಾಂಟೆಡ್’. ‘ಯೆಸ್ಟರ್‌ಡೇ’ ಇದ್ದಲ್ಲಿ ‘ಹ್ಯಾವ್ ಸೀನ್’ ಸಲ್ಲದು, ‘ಸಾ’ ಎನ್ನಬೇಕು.

– ಇಂಗ್ಲಿಷ್ ಶಿಕ್ಷಕ, ಹಾವೇರಿ