ಅಟ್ಟದ ಜೇಡಗಳ ವಿಚಾರ

ಬಾನ್, ಜರ್ಮನಿ

ಅವ್ವಾ,

ನಾನು ಚೆನ್ನಾಗಿದೀನಿ. ಅಪ್ಪನ ಮಂಡಿನೋವು ಕಡಿಮೆ ಆಯ್ತಾ? ಕಬ್ಬು ಕಟಾವು ಯಾವಾಗ?

ಗೌರಿ ಹಬ್ಬಕ್ಕೆ ಮುಂಚೆ ನೀನು ಜೇಡರ ಬಲೆ ಹೊಡೆಯೋದು ಗೊತ್ತು, ಅದಕ್ಕೇ ಈ ಕಾಗದ. ತಮ್ಮ ಕಳಿಸಿದ ಫೋಟೋಗಳನ್ನೆಲ್ಲ ನೋಡಿದೆ. ಆ ಉದ್ದ ಕಾಲಿನವು ಒಂದೇ ಜಾತಿ ಅಲ್ಲ ಅವ್ವ, ಫೋಲ್ಸಿಡೇ ಅನ್ನೋ ಒಂದೇ ಕುಟುಂಬದ ಬೇರೆ ಬೇರೆ ಜಾತಿಗಳು. ಬಿಸಿಲು ನಾಡಲ್ಲೇ ಇವು ಹೆಚ್ಚು. ನಮ್ಮ ಕಟ್ಟಡದ ನೆಲಮಾಳಿಗೆಯಲ್ಲೂ ಒಂದಿದೆ, ಫೋಲ್ಕಸ್ ಅಂತ, ಅದರ ಹೊಟ್ಟೆ ಸಣ್ಣಗೆ ಉದ್ದಕ್ಕಿರುತ್ತೆ.

ಅಟ್ಟದ ತೊಲೆ ಸಂದಿಯಲ್ಲಿರೋದು ಕ್ರಾಸೊಪ್ರೈಜಾ ಲಯೋನಿ. ಪಕ್ಕದಿಂದ ನೋಡು, ಹೊಟ್ಟೆಯ ಹಿಂಭಾಗ ಬೆಂಕಿಪೊಟ್ಟಣದ ಹಾಗೆ ಮೂಲೆ ಮೂಲೆಯಾಗಿದೆ, ಕಾಲಿನ ತುಂಬ ಕಂದು ಚುಕ್ಕಿ. 1867ರಲ್ಲೇ ಬ್ಲ್ಯಾಕ್‌ವಾಲ್ ಅನ್ನೋರು ಇದನ್ನು ವಿವರಿಸಿ ಹೆಸರಿಟ್ಟಿದ್ದರು. ಕೊಟ್ಟಿಗೆ ಗೋಡೆಯ ಗುಂಡುಹೊಟ್ಟೆಯ ದೊಡ್ಡದು ಆರ್ಟೆಮಾ ಅಟ್ಲಾಂಟಾ ಇರಬೇಕು. ಕಾಲು ಬಿಟ್ಟು ಮೈಯೇ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತೆ, ಈ ಕುಟುಂಬದಲ್ಲಿ ಅದು ತುಂಬ ದೊಡ್ಡ ಮೈ. ಬಚ್ಚಲ ಹತ್ತಿರದ್ದು ಇನ್ನೂ ಮರಿ. ಮರಿ ನೋಡಿ ಜಾತಿ ಹೇಳೋಕಾಗಲ್ಲ. ಬೆಳೆದ ಗಂಡಿಗೆ ಬಾಯಿ ಪಕ್ಕ ಎರಡು ಗಿಡ್ಡ ಕೈ ಇರುತ್ತವೆ, ಅವುಗಳ ತುದಿಯ ಆಕಾರ ಒಂದೊಂದು ಜಾತಿಗೂ ಬೇರೆ. ಹೆಣ್ಣಾದರೆ ಹೊಟ್ಟೆಯ ಅಡಿಯ ಗಟ್ಟಿ ಭಾಗ ನೋಡಬೇಕು. ಇಲ್ಲಿಯ ಕ್ಯೋನಿಗ್ ಮ್ಯೂಸಿಯಂನ ಬರ್ನ್‌ಹಾರ್ಡ್ ಹ್ಯೂಬರ್ ಅವರು ಹೀಗೆ ನೋಡಿ ನೋಡಿಯೇ ಎಷ್ಟೋ ಹೊಸ ಜಾತಿಗಳನ್ನು ವಿವರಿಸಿದಾರೆ. ಅಷ್ಟು ತಾಳ್ಮೆ ನನಗೂ ಬರಲಿ ಅನ್ನೋದೇ ನನ್ನಾಸೆ.

ಒಂದು ಫೋಟೋದಲ್ಲಿ ಬಾಯಲ್ಲಿ ಉಂಡೆ ಕಚ್ಚಿಕೊಂಡಿದೆಯಲ್ಲ, ಅದು ತಾಯಿ. ಉಂಡೆ ಅಂದರೆ ಮೊಟ್ಟೆಗಳು. ನಾಲ್ಕೆಳೆ ನೂಲು ಸುತ್ತಿ, ಮರಿ ಹೊರಬರೋವರೆಗೂ ಬಾಯಲ್ಲೇ ಹೊತ್ತಿರುತ್ತೆ. ಪೊರಕೆ ತಾಗಿದರೆ ಗಿರಗಿರ ಅಲ್ಲಾಡೋದು ಶತ್ರುವಿನ ಕಣ್ಣಿಗೆ ಸರಿಯಾಗಿ ಕಾಣದಿರಲಿ ಅಂತ. ನಮಗೇನೂ ಅಪಾಯ ಇಲ್ಲ, ಅಜ್ಜಿಗೂ ಹೇಳು. ಹುಳ ಸಿಕ್ಕಿದ ಕೂಡಲೇ ಹಿಂಗಾಲಿನಿಂದ ನೂಲು ಎಸೆದೆಸೆದು ಕಟ್ಟಿಹಾಕುತ್ತೆ. ಥಾಯ್ಲೆಂಡಿನ ಮನೆಗಳಲ್ಲಿ ಇದೇ ಲಯೋನಿ ಡೆಂಗಿ ಸೊಳ್ಳೆ ಹಿಡಿದು ತಿನ್ನೋದನ್ನು ಅಧ್ಯಯನ ಮಾಡಿದಾರೆ. ಮಳೆಗಾಲದಲ್ಲಿ ನಮ್ಮ ಮಂಡ್ಯದಲ್ಲಿ ಸೊಳ್ಳೆಗೇನು ಕಡಿಮೆಯಾ?

ಹಾಗಾಗಿ ನಡುಮನೆ, ದೇವರಮನೆ ಗುಡಿಸು, ಅಟ್ಟ ಮತ್ತು ಕೊಟ್ಟಿಗೆ ಈ ಸಲ ಬಿಟ್ಟುಬಿಡು ಅವ್ವ. ಸತ್ತು ಬಿದ್ದಿದ್ದು ಸಿಕ್ಕರೆ ತಮ್ಮ ಸಣ್ಣ ಬಾಟಲಿಯಲ್ಲಿ ಸ್ಪಿರಿಟ್ ಹಾಕಿ ಇಡಲಿ. ಸಿಕ್ಕಿದ ಜಾಗ, ತಾರೀಕು ಪೆನ್ಸಿಲಲ್ಲಿ ಚೀಟಿಗೆ ಬರೆದು ಒಳಗೇ ಹಾಕಲಿ, ಪೆನ್ನಿನ ಮಸಿ ಕರಗಿಹೋಗುತ್ತೆ. ನಾನು ಬಂದಾಗ ಮಾನಸಗಂಗೋತ್ರಿಗೆ ತಗೊಂಡು ಹೋಗಿ, ಮೈಕ್ರೋಸ್ಕೋಪಲ್ಲಿ ನೋಡೋಕೆ ಅವಕಾಶ ಕೊಡ್ತಾರಾ ಕೇಳ್ತೀನಿ.

ನಿನ್ನ ಮಗಳು,
ಸುಧಾ