ಸೌಹಾರ್ದ ಸಪ್ತಾಹದ ಸಭೆ: ಊಟ, ಸಮಯದ ಬಗ್ಗೆ

ಎಲ್ಲರಿಗೂ ನಮಸ್ಕಾರ.

2010ರಲ್ಲಿ ಜೋರ್ಡಾನ್ ದೊರೆಯ ಪ್ರಸ್ತಾವದ ಮೇಲೆ ವಿಶ್ವಸಂಸ್ಥೆ ಘೋಷಿಸಿದ ಸರ್ವಧರ್ಮ ಸೌಹಾರ್ದ ಸಪ್ತಾಹ ಫೆಬ್ರವರಿ ಮೊದಲ ವಾರ. ನಮ್ಮ ಸಭೆ ಶನಿವಾರ ಸಂಜೆ 4ಕ್ಕೆ. ಶುಕ್ರವಾರ ಮಸೀದಿಯಲ್ಲಿ ಜುಮ್ಮಾ ನಮಾಜು, ಭಾನುವಾರ ಚರ್ಚ್ ಆರಾಧನೆ ಇರುವುದರಿಂದ ಈ ದಿನ.

ಊಟ 5.15ಕ್ಕೇ. ಜೈನ ಬಂಧುಗಳು ಸೂರ್ಯ ಮುಳುಗುವುದರೊಳಗೆ ಉಣ್ಣಬೇಕು, ಮುಳುಗಿದ ಕೂಡಲೇ ಮುಸ್ಲಿಂ ಬಂಧುಗಳ ಮಗ್ರಿಬ್ (ಸಂಜೆಯ) ನಮಾಜು. ಪಕ್ಕದ ಕೋಣೆಯಲ್ಲಿ ಚಾಪೆ, ವಜೂಗೆ (ನಮಾಜಿಗೆ ಮುಂಚೆ ಕೈಕಾಲು, ಮುಖ ತೊಳೆಯಲು) ನೀರು ಇಟ್ಟಿರುತ್ತೇವೆ.

ಅಡುಗೆ ಪೂರ್ತಿ ಸಸ್ಯಾಹಾರ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಕ್ಯಾರೆಟ್ ಹಾಕದ ಪಲ್ಯ, ಸಾರು ಜೈನ ಬಂಧುಗಳಿಗಾಗಿ ಬೇರೆ ಮೇಜಿನ ಮೇಲೆ. ಬಡಿಸುವವರೇ, ಸೌಟು ಅದಲುಬದಲಾದರೆ ಅವರು ಉಣ್ಣದೆ ಎದ್ದುಹೋಗಬೇಕಾಗುತ್ತದೆ, ದಯವಿಟ್ಟು ಗಮನವಿರಲಿ.

ಸಭೆಯಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯ 18ನೇ ವಿಧಿಯನ್ನು (ಧಾರ್ಮಿಕ ಸ್ವಾತಂತ್ರ್ಯದ ಬಗ್ಗೆ ಇರುವುದು) ಕನ್ನಡದಲ್ಲಿ ಪೂರ್ತಿ ಓದುತ್ತೇವೆ. ಧರ್ಮ ಬದಲಿಸುವ ಹಕ್ಕಿನ ಸಾಲನ್ನು ಬಿಡುವುದು ಬೇಡ.

ಎಷ್ಟು ಜನ, ಯಾವ ಊಟ, ಬುಧವಾರದೊಳಗೆ ಇಲ್ಲೇ ತಿಳಿಸಿ.