ಬಂಪರ್ ಸರಿಯಾಗಿದೆ, ಕೂಸೇ

ಮಡಿಕೇರಿ
ಭಾನುವಾರ ಸಂಜೆ

ಪ್ರೀತಿಯ ಮಗಳೇ,

ಮದುವೆ ಮಂಟಪದಲ್ಲಿ ನೀನು ರಿವರ್ಸ್ ತೆಗೆಯುವಾಗ ಕಲ್ಲಿಗೆ ತಾಗಿದ ಬಂಪರ್ ಸರಿಯಾಗಿದೆ. ಮೊದಲು ಅದನ್ನೇ ಹೇಳಿಬಿಡುತ್ತೇನೆ. ನಿನ್ನೆ ಸಂಜೆ ಕುಶಾಲನಗರದಿಂದ ಕಾರು ತಂದು ಅಂಗಳದಲ್ಲಿ ನಿಲ್ಲಿಸಿದೆ. ಅಪ್ಪನನ್ನು ಕರೆದು "ಎಲ್ಲಿ ತಾಗಿತ್ತು, ತೋರಿಸಿ ನೋಡೋಣ" ಅಂದೆ. ಅವರು ಬಗ್ಗಿ, ಕೈಯಾಡಿಸಿ, ಸ್ವಲ್ಪ ಹೊತ್ತು ಹುಡುಕಿ ಎಡಗಡೆ ಮೂಲೆ ತೋರಿಸಿದರು. ತಾಗಿದ್ದು ಬಲಗಡೆ ಅಂತ ನಿನಗೆ ಗೊತ್ತಲ್ಲ.

ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಬಂಪರ್ ಅಂದ ಕೂಡಲೇ ನೀನು "ಎಷ್ಟಾಯ್ತು ಹೇಳಮ್ಮ, ದುಡ್ಡು ಕಳಿಸ್ತೀನಿ" ಅಂತ ಮಾತು ಮುಗಿಸಿಬಿಡುತ್ತೀಯ. ದುಡ್ಡಿನ ಮಾತು ನನಗೆ ಬೇಕಿಲ್ಲ. ಆ ದಿನ ಮೈಸೂರು ಬಸ್ ಹತ್ತುವಾಗ "ಇನ್ಮೇಲೆ ನಾನು ಕಾರು ಮುಟ್ಟಲ್ಲ" ಅಂದೆಯಲ್ಲ, ಆ ಮಾತು ನನ್ನ ತಲೆಯಲ್ಲೇ ಉಳಿದುಬಿಟ್ಟಿದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಆ ಮದುವೆ ಮಂಟಪದ ಪಾರ್ಕಿಂಗ್ ಜಾಗಕ್ಕೆ ಮೊನ್ನೆ ಮತ್ತೆ ಹೋಗಿದ್ದೆ. ಸುಮ್ನೆ ನೋಡಬೇಕು ಅನ್ನಿಸಿತು. ನೀನು ರಿವರ್ಸ್ ತೆಗೆದ ಜಾಗದಲ್ಲೇ ನಿಂತು ನೋಡಿದೆ. ಮಣ್ಣಿನ ಇಳಿಜಾರು. ಮೂಲೆಯಲ್ಲಿ ಮೊಣಕಾಲೆತ್ತರದ ಒಂದು ಗಡಿಕಲ್ಲು, ಅದರ ಸುತ್ತ ಅಷ್ಟೇ ಎತ್ತರದ ಹುಲ್ಲು. ಒಳಗಿನ ಕನ್ನಡಿಯಲ್ಲಿ ಅದು ಕಾಣುವ ಹಾಗೇ ಇಲ್ಲ. ಬಲಗಡೆ ಕನ್ನಡಿಯಲ್ಲೂ ಹುಲ್ಲು ಮಾತ್ರ ಕಾಣುತ್ತದೆ. ಅವತ್ತು ಹಿಂದೆ ನಿಂತವರೊಬ್ಬರು "ಬರ್ಲಿ, ಬರ್ಲಿ" ಅಂತ ಕೈ ಬೀಸುತ್ತಲೇ ಇದ್ದರು. ನಮ್ಮ ಕಾರು 2018ರದು. 2019ರ ಜುಲೈ 1ರಿಂದ ತಯಾರಾದ ಕಾರುಗಳಿಗೆ ಹಿಂದೆ ಪಾರ್ಕಿಂಗ್ ಸೆನ್ಸರ್ ಕಡ್ಡಾಯ ಮಾಡಿದರು. ನಮ್ಮದರಲ್ಲಿ ಅದಿಲ್ಲ, ಕಲ್ಲಿದೆ ಅಂತ ಎಚ್ಚರಿಸುವುದಕ್ಕೆ ಏನೂ ಇರಲಿಲ್ಲ. ನೀನು ಅಜಾಗ್ರತೆ ಮಾಡಿದೆ ಅಂತ ನಾನು ಒಪ್ಪುವುದಿಲ್ಲ. ಇಳಿದು ಒಂದು ಸಲ ಹಿಂದೆ ನೋಡಿ ಬರಬಹುದಿತ್ತು, ಅಷ್ಟೇ. ಅದನ್ನು ನಾನು ನಿನಗೆ ಹೇಳಿಕೊಟ್ಟಿರಲಿಲ್ಲ.

ಊಟಕ್ಕೆ ಕೂತಾಗ ನೀನು ಎಲೆಯ ಮೇಲಿನ ಪಾಯಸವನ್ನೂ ಮುಟ್ಟಲಿಲ್ಲ. ನನಗೆ ಬಂಪರಿಗಿಂತ ಅದೇ ಜಾಸ್ತಿ ನೋವಾಯಿತು.

ಈಗ ರಿಪೇರಿ ಕಥೆ ಕೇಳು. ನೀನು ಹೋದ ಮರುದಿನ ಕಾರು ತೊಳೆದೆ. ಕೆಂಪು ಮಣ್ಣು ಹೋದಮೇಲೆ ನಿಜವಾದ ಗಾಯ ಕಾಣಿಸಿತು. ಅಂಗೈ ಅಗಲದ ಒಂದು ತಗ್ಗು, ಅದರ ಮೇಲೆ ಕಲ್ಲು ಗೀಚಿದ ಗೆರೆಗಳು. ಕೆಳಗಡೆ, ಚಕ್ರದ ಹತ್ತಿರ ಒಂದು ಬಿರುಕು. ಮಂಟಪದಲ್ಲಿ ನೋಡಿದಾಗ ಅದು ಬೆರಳುದ್ದ ಇತ್ತು. ಮನೆಗೆ ಬರುವ ದಾರಿಯ ಗುಂಡಿಗಳಲ್ಲಿ ಕುಲುಕಿ ಕುಲುಕಿ ಗೇಣುದ್ದ ಆಗಿತ್ತು. ಬಂಪರನ್ನು ಕಾರಿನ ಮೈಗೆ ಹಿಡಿದಿಡುವ 2 ಕ್ಲಿಪ್ ಮುರಿದಿದ್ದವು. ನಾನು ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿದೆ. ಬಂಪರ್ ಅಂತ ನಾವು ಕರೆಯುವುದು ಬರೀ ಹೊರಗಿನ ಪ್ಲಾಸ್ಟಿಕ್ ಹೊದಿಕೆ. ಅದರ ಹಿಂದೆ ಉಕ್ಕಿನ ಅಡ್ಡಪಟ್ಟಿ ಇದೆ. ಆ ಪಟ್ಟಿ ಬಗ್ಗಿದ್ದರೆ ನಾನೂ ಹೆದರುತ್ತಿದ್ದೆ. ಅದಕ್ಕೆ ಏನೂ ಆಗಿರಲಿಲ್ಲ.

ಅಪ್ಪ ಆಗಲೇ ಅಂಗಡಿಯಿಂದ ಯಾವುದೋ ಗಟ್ಟಿ ಅಂಟು ತಂದು ಬಿರುಕಿಗೆ ಹಚ್ಚಿದ್ದರು. ರಾತ್ರಿ ಹಿಡಿದಂತೆ ಕಂಡಿತು. ಬೆಳಿಗ್ಗೆ ಉಗುರಿನಿಂದ ಎಬ್ಬಿಸಿದರೆ ಸಿಪ್ಪೆಯ ಹಾಗೆ ಎದ್ದು ಬಂತು. ಯಾಕೆ ಅಂತ ಬಂಪರಿನ ಒಳಗಡೆಯೇ ಬರೆದಿದೆ. ಕೈ ಹಾಕಿ ಒರೆಸಿ ಮೊಬೈಲ್‌ನಲ್ಲಿ ಫೋಟೊ ತೆಗೆದೆ. ಪ್ಲಾಸ್ಟಿಕ್ಕಿನಲ್ಲೇ ಉಬ್ಬಿದ ಅಕ್ಷರ: ಪಿಪಿ+ಇಪಿಡಿಎಂ-ಟಿಡಿ20. ಪಿಪಿ ಅಂದರೆ ಪಾಲಿಪ್ರೊಪಿಲಿನ್ ಅನ್ನುವ ಪ್ಲಾಸ್ಟಿಕ್. ಇಪಿಡಿಎಂ ಒಂದು ಜಾತಿಯ ರಬ್ಬರ್, ಸ್ವಲ್ಪ ಬಾಗಲಿ ಅಂತ ಸೇರಿಸುತ್ತಾರೆ. ಟಿಡಿ20 ಅಂದರೆ 20% ಟಾಲ್ಕ್ ಪುಡಿ. ಈ ಪಾಲಿಪ್ರೊಪಿಲಿನ್‌ಗೆ ಮಾಮೂಲಿ ಅಂಟೂ ಹಿಡಿಯುವುದಿಲ್ಲ, ಬಣ್ಣವೂ ಹಿಡಿಯುವುದಿಲ್ಲ. ಆದರೆ ಬಿಸಿ ಮಾಡಿದರೆ ಮೆತ್ತಗಾಗುತ್ತದೆ, ಆರಿದರೆ ಮತ್ತೆ ಗಟ್ಟಿ. ನಮ್ಮ ರಿಪೇರಿಯೆಲ್ಲ ನಿಂತಿರುವುದು ಆ ಒಂದು ಗುಣದ ಮೇಲೆ.

ಸರ್ವಿಸ್ ಸೆಂಟರಿನವರು ಪೂರ್ತಿ ಬಂಪರ್ ಬದಲಾಯಿಸಿ, ಇನ್ಶೂರೆನ್ಸ್ ಇದೆಯಲ್ಲ ಅಂದರು. ನಾನು ಪಾಲಿಸಿ ಕಾಗದ ತೆಗೆದು ಓದಿದೆ. ನಮ್ಮದು ಸಾದಾ ಪಾಲಿಸಿ, ಸವಕಳಿ ಕಳೆಯದೆ ಕೊಡುವ ಜೀರೋ ಡೆಪ್ ಅಲ್ಲ. ಪ್ಲಾಸ್ಟಿಕ್ ಭಾಗಗಳಿಗೆ ಸವಕಳಿ ಅಂತ 50% ಕಳೆದು ಕೊಡುತ್ತಾರೆ. 1,500 ಸಿಸಿ ಒಳಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲೂ ಮೊದಲ 1,000 ರೂಪಾಯಿ ನಮ್ಮ ಕೈಯಿಂದಲೇ. ಅದಕ್ಕಿಂತ ಮುಖ್ಯ, ನೋ ಕ್ಲೇಮ್ ಬೋನಸ್. 5 ವರ್ಷಕ್ಕೂ ಮೇಲೆ ಕ್ಲೇಮ್ ಮಾಡದೆ ಇದ್ದದ್ದಕ್ಕೆ ನಮಗೆ ಓನ್ ಡ್ಯಾಮೇಜ್, ಅಂದರೆ ನಮ್ಮ ಕಾರಿನ ಹಾನಿಗೆ ಕಟ್ಟುವ ಪ್ರೀಮಿಯಂನಲ್ಲಿ 50% ರಿಯಾಯಿತಿ ಇದೆ. ಈ ಒಂದು ಬಂಪರಿಗೆ ಕ್ಲೇಮ್ ಮಾಡಿದರೆ ಅದು ಸೊನ್ನೆಗೆ ಬರುತ್ತದೆ. ಮತ್ತೆ 20, 25, 35, 45 ಅಂತ ವರ್ಷಾ ವರ್ಷ ಏರಬೇಕು. ನಾಳೆ ನೀನು ನಿನ್ನದೇ ಕಾರು ತೆಗೆದುಕೊಂಡಾಗ ಈ ಲೆಕ್ಕ ನೆನಪಿಟ್ಟುಕೋ. ಸಣ್ಣ ಪೆಟ್ಟಿಗೆ ಕ್ಲೇಮ್ ಮಾಡುವ ಮುಂಚೆ ಕೂಡಿ ಕಳೆದು ನೋಡಬೇಕು. ದೊಡ್ಡ ಪೆಟ್ಟಾದರೆ ಯೋಚನೆಯೇ ಬೇಡ, ಮಾಡಲೇಬೇಕು.

ತಗ್ಗನ್ನು ನಾನೇ ಎಬ್ಬಿಸಿದೆ. ಇದನ್ನು ನೀನು ನೋಡಬೇಕಿತ್ತು, ಕೂಸೇ.

ಹಂಡೆಯ ನೀರು ಸಾಕಾಗುತ್ತದೆ ಅಂದುಕೊಂಡು ಮೊದಲು ಅದನ್ನೇ ಸುರಿದೆ. ಏನೂ ಆಗಲಿಲ್ಲ. ಸ್ನಾನದ ನೀರಿನ ಬಿಸಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಆಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,170 ಮೀಟರ್ ಮೇಲಿದೆ, ಇಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಅದೂ ಒಲೆಯಿಂದ ಅಂಗಳಕ್ಕೆ ತರುವಷ್ಟರಲ್ಲಿ ಈ ಚಳಿಗೆ ಆರುತ್ತದೆ. ಅದಕ್ಕೆ ಒಂದು ಹಳೇ ಟವೆಲನ್ನು ನಾಲ್ಕು ಮಡಿಕೆ ಮಾಡಿ ತಗ್ಗಿನ ಮೇಲೆ ಒತ್ತಿ ಹಿಡಿದು, ಅದರ ಮೇಲೆ ನೀರು ಸುರಿದೆ. ಬಿಸಿ ಅಲ್ಲೇ ನಿಂತಿತು. ಪಾಲಿಪ್ರೊಪಿಲಿನ್ ಕರಗುವುದು 160 ಡಿಗ್ರಿ ಆಸುಪಾಸಿನಲ್ಲಿ, ಹಾಗಾಗಿ ಕುದಿಯುವ ನೀರಿಗೆ ಅದು ಕರಗುವ ಭಯ ಇಲ್ಲ, ಬರೀ ಬಗ್ಗುತ್ತದೆ. ಕೆಲವರು ಹೀಟ್ ಗನ್ ಹಿಡಿಯುತ್ತಾರೆ. ಅದು ಒಂದೇ ಕಡೆ ಒಂದು ಕ್ಷಣ ಜಾಸ್ತಿ ನಿಂತರೆ ಬಣ್ಣ ಗುಳ್ಳೆ ಏಳುತ್ತದೆ. ನನಗೆ ನೀರೇ ವಾಸಿ.

ಚಕ್ರದ ಕಡೆಯ 2 ಸ್ಕ್ರೂ ಬಿಚ್ಚಿದರೆ ಒಳಗೆ ಕೈ ಹೋಗುವಷ್ಟು ಜಾಗ ಸಿಗುತ್ತದೆ. ಬಟ್ಟೆ ಸುತ್ತಿ ಅದರ ಮೇಲೆ ರಬ್ಬರ್ ಗ್ಲೌಸ್ ಹಾಕಿಕೊಂಡಿದ್ದೆ. ಅಪ್ಪ ನೀರು ಸುರಿದರು, ನಾನು ಒಳಗಿನಿಂದ ಒತ್ತಿದೆ. ಎರಡನೇ ಪಾತ್ರೆಯವರೆಗೂ ತಗ್ಗು ಅಲುಗಲಿಲ್ಲ. ನಾನು ನಡುವಿಗೇ ಒತ್ತುತ್ತಿದ್ದೆ, ಅದೇ ತಪ್ಪು. ಮೂರನೇ ಸಲ ತಗ್ಗಿನ ಅಂಚಿನಿಂದ ಶುರು ಮಾಡಿ ಸುತ್ತ ಸುತ್ತ ಒತ್ತುತ್ತಾ ಬಂದೆ. ಪ್ಲಾಸ್ಟಿಕ್ ಅಂಗೈ ಕೆಳಗೆ ಮೆತ್ತಗಾಗುವುದು ಗೊತ್ತಾಯಿತು, ಹಿಟ್ಟು ಹದಕ್ಕೆ ಬಂದಾಗ ಕೈಗೆ ಗೊತ್ತಾಗುತ್ತದಲ್ಲ, ಹಾಗೆ. ಇನ್ನೊಂದು ಸಲ ಒತ್ತಿದೆ. ಟೊಪ್ ಅಂತ ಶಬ್ದ ಬಂತು, ತಗ್ಗು ಹೊರಗೆ ಬಂದಿತ್ತು. ತಕ್ಷಣ ಪೈಪಿನಿಂದ ತಣ್ಣೀರು ಬಿಟ್ಟೆ, ಬಂದ ಆಕಾರದಲ್ಲೇ ಗಟ್ಟಿಯಾಗಲಿ ಅಂತ. ಅಪ್ಪ ಪಾತ್ರೆ ಕೈಯಲ್ಲೇ ಹಿಡಿದು ನಿಂತುಬಿಟ್ಟಿದ್ದರು. ಆ ಶಬ್ದವನ್ನು ನಿನಗೆ ಕೇಳಿಸಬೇಕು ಅಂತ ಅವತ್ತಿನಿಂದಲೂ ಅನ್ನಿಸುತ್ತಿದೆ.

ಬಿರುಕು, ಬಣ್ಣ ನನ್ನ ಕೈಲಾಗದ ಕೆಲಸ. ಕುಶಾಲನಗರದ ಪೇಂಟರ್ ಹತ್ತಿರ ತೆಗೆದುಕೊಂಡು ಹೋದೆ. ಇಲ್ಲೇ ಯಾಕೆ ಮಾಡಿಸಲಿಲ್ಲ ಅಂತ ಅಪ್ಪ ಕೇಳಿದರು. ಇಲ್ಲಿ ಬೆಳಿಗ್ಗೆ 10 ಗಂಟೆಯಾದರೂ ಮಂಜು ಇಳಿಯುವುದಿಲ್ಲ. ಗಾಳಿಯಲ್ಲಿ ತೇವ ಇದ್ದಾಗ ಸ್ಪ್ರೇ ಹೊಡೆದರೆ ಬಣ್ಣದ ಮೇಲೆ ಬಿಳಿ ಮಸುಕು ಕೂರುತ್ತದೆ. ಸುಂಟಿಕೊಪ್ಪ ದಾಟಿ ಕೆಳಗಿಳಿದರೆ ಬಿಸಿಲೇ ಬೇರೆ.

ಆ ಪೇಂಟರ್ ಅಣ್ಣ ಮೊದಲು ಬಿರುಕಿನ ತುದಿಯಲ್ಲಿ ಡ್ರಿಲ್ ಇಟ್ಟು ಒಂದು ಸಣ್ಣ ತೂತು ಕೊರೆದರು. ಇರುವ ಬಿರುಕು ಸಾಲದು ಅಂತ ತೂತು ಬೇರೆ ಯಾಕೆ ಅಂತ ನನಗೆ ಗಾಬರಿ. ಬಿರುಕಿನ ಚೂಪು ತುದಿಯಲ್ಲೇ ಎಲ್ಲ ಒತ್ತಡ ಸೇರುತ್ತದಂತೆ, ಅದಕ್ಕೇ ಅದು ಮುಂದೆ ಮುಂದೆ ಹೋಗುವುದು. ತುದಿಯನ್ನು ದುಂಡಗೆ ಮಾಡಿಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಬಿರುಕು ಬಿಟ್ಟ ದಿನವೇ ಇಷ್ಟು ಮಾಡಿದ್ದರೆ ಅದು ಬೆರಳುದ್ದದಲ್ಲೇ ಇರುತ್ತಿತ್ತು. ಆಮೇಲೆ ಬಿರುಕನ್ನು ಒಳಗಡೆಯಿಂದ ಕೆತ್ತಿ ಸಣ್ಣ ಕಾಲುವೆ ಹಾಗೆ ಮಾಡಿ, ಸ್ಟೀಲ್ ಜಾಲರಿಯ ತುಂಡನ್ನು ಬಿಸಿ ಸೋಲ್ಡರಿಂಗ್ ಐರನ್‌ನಿಂದ ಒತ್ತಿ ಪ್ಲಾಸ್ಟಿಕ್ಕಿನೊಳಗೆ ಇಳಿಸಿದರು. ಅದರ ಮೇಲೆ ಪಿಪಿ ಕಡ್ಡಿ ಕರಗಿಸಿ ತುಂಬಿದರು. ಬೇರೆ ಪ್ಲಾಸ್ಟಿಕ್ಕಿನ ಕಡ್ಡಿ ಹಾಕಿದರೆ ಬೆಸೆಯುವುದಿಲ್ಲ. ನಾನು ತೋರಿಸಿದ ಫೋಟೊ ನೋಡಿ, "ಅಕ್ಕಾ, ಇದನ್ನ ಯಾರೂ ನೋಡ್ಕೊಂಡು ಬರಲ್ಲ" ಅಂದರು. ನನಗೆ ತುಂಬಾ ಖುಷಿಯಾಯಿತು.

ಹೊರಗಡೆಗೆ ಪ್ಲಾಸ್ಟಿಕ್ಕಿಗೆಂದೇ ಬರುವ ಪುಟ್ಟಿ. ತಗಡಿಗೆ ಹಾಕುವ ಪುಟ್ಟಿ ಹಾಕಿದರೆ ಬಂಪರ್ ಬಾಗಿದಾಗ ಒಡೆಯುತ್ತದೆ. ಒರಟು ಎಮರಿ ಪೇಪರಿನಿಂದ ಶುರು ಮಾಡಿ ನೀರು ಹಾಕಿ ಉಜ್ಜುವ ನಯ ವಾಟರ್ ಪೇಪರ್ ತನಕ ಉಜ್ಜಿದರು. ಅವರ ಬೆರಳ ತುದಿ ಕಣ್ಣಿಗಿಂತ ಚುರುಕು. ಕಣ್ಣು ಮುಚ್ಚಿ ಸವರಿ, ಇನ್ನೂ ಇಲ್ಲಿ ಏರಿದೆ ಅನ್ನುತ್ತಿದ್ದರು. ಆಮೇಲೆ ಪ್ಲಾಸ್ಟಿಕ್ ಪ್ರೈಮರ್. ಅದಿಲ್ಲದಿದ್ದರೆ ಅಪ್ಪನ ಅಂಟಿನ ಗತಿಯೇ ಬಣ್ಣಕ್ಕೂ.

ಸಿಲ್ವರ್ ಬಣ್ಣ ಹೊಂದಿಸುವುದು ಕಷ್ಟ. ಕೋಡ್ ನೋಡಿ ಬೆರೆಸಿದ ಬಣ್ಣ ಹೊಸ ಕಾರಿಗೆ ಸರಿ. ನಮ್ಮದು ಇಷ್ಟು ವರ್ಷ ಬಿಸಿಲು ಮಳೆ ತಿಂದಿದೆ. ಅವರು ಒಂದು ರಟ್ಟಿನ ಮೇಲೆ ಹೊಡೆದು, ಒಣಗಿಸಿ, ಬಿಸಿಲಿಗೆ ತಂದು ಕಾರಿನ ಪಕ್ಕ ಹಿಡಿದು ನೋಡಿ ಮತ್ತೆ ಬೆರೆಸಿದರು. ಮೂರು ಸಲ. ಮೇಲೆ ಕ್ಲಿಯರ್ ಕೋಟ್. ಒಂದು ತಿಂಗಳು ಪಾಲಿಷ್ ಹಾಕಬಾರದು, ಜೋರು ಪೈಪಿನ ನೀರು ಹೊಡೆಯಬಾರದು ಅಂತ ಹೇಳಿ ಕಳಿಸಿದ್ದಾರೆ.

ಅಪ್ಪನಿಗೆ ಈಗ ಹಿಂದೆ ಮುಂದೆ ಕಬ್ಬಿಣದ ಗಾರ್ಡ್ ಹಾಕಿಸುವ ಆಸೆ. ನಾನು ಬೇಡವೇ ಬೇಡ ಅಂದೆ. 2017ರ ಡಿಸೆಂಬರಿನಲ್ಲೇ ಕೇಂದ್ರದ ಸಾರಿಗೆ ಸಚಿವಾಲಯ ಅಂಥ ಗಾರ್ಡ್ ಹಾಕಿದ ಗಾಡಿಗಳ ಮೇಲೆ ಕ್ರಮ ತಗೊಳ್ಳಿ ಅಂತ ರಾಜ್ಯಗಳಿಗೆ ಬರೆದಿದೆ. ಕಾನೂನು ಬಿಡು, ನಡೆದು ಹೋಗುವವರ ಕಾಲಿಗೆ ಬಂಪರ್ ತಾಗಿದರೆ ಪ್ಲಾಸ್ಟಿಕ್ ಬಗ್ಗುತ್ತದೆ, ಕಬ್ಬಿಣ ಬಗ್ಗುವುದಿಲ್ಲ. ಸಂತೆ ದಿನ ನಮ್ಮ ರಸ್ತೆಯಲ್ಲಿ ಎಷ್ಟು ಮಕ್ಕಳು ಓಡಾಡುತ್ತವೆ, ನೋಡಿದ್ದೀಯಲ್ಲ.

ಇನ್ನು ಕಾರು ಮುಟ್ಟಲ್ಲ ಅಂದ ನಿನ್ನ ಮಾತು. ನಾನು ಕಾರು ಕಲಿತದ್ದು 34ನೇ ವಯಸ್ಸಿನಲ್ಲಿ, ನಿನಗೆ ಜ್ವರ ಬಂದ ಒಂದು ರಾತ್ರಿಯ ನಂತರ. ಅಪ್ಪ ಊರಲ್ಲಿರಲಿಲ್ಲ. ಆ ಮಳೆಯಲ್ಲಿ ಜೀಪಿಗಾಗಿ ಒಂದು ಗಂಟೆ ಕಾದೆ. ನೀನು ನನ್ನ ಹೆಗಲ ಮೇಲೆ ಕೆಂಡದ ಹಾಗೆ ಸುಡುತ್ತಿದ್ದೆ. ಅವತ್ತೇ ತೀರ್ಮಾನ ಮಾಡಿದೆ, ನನ್ನ ಮಗಳಿಗೆ ಇಂಥ ಕಾಯುವಿಕೆ ಬರಬಾರದು ಅಂತ. ನಮ್ಮ ಕೊಡಗಿನಲ್ಲಿ ಕೊನೇ ಬಸ್ ಹೋದಮೇಲೆ ಗಾಡಿ ಓಡಿಸಲು ಬಾರದವರ ಪಾಡು ನಿನಗೇ ಗೊತ್ತು. ಒಂದು ಗಡಿಕಲ್ಲಿಗಾಗಿ ನೀನು ಅದನ್ನು ಬಿಡುವುದು ನನಗೆ ಇಷ್ಟವಿಲ್ಲ.

ಮೊನ್ನೆ ಅಂಗಳದಲ್ಲಿ ಸಿಲ್ವರ್ ಓಕ್ ಮರದ 2 ಕೋಲು ನೆಟ್ಟಿದ್ದೇನೆ, ತಾಗಿದರೆ ಬೀಳುವ ಹಾಗೆ ಸಡಿಲವಾಗಿ. ನಡುವೆ ಕಾರಿಗಿಂತ 3 ಅಡಿ ಜಾಸ್ತಿ ಜಾಗ. ಅಂಗಳದ ಇಳಿಜಾರೂ ಆ ಮಂಟಪದ ಇಳಿಜಾರಿನಷ್ಟೇ. ಹುತ್ತರಿ ಹಬ್ಬಕ್ಕೆ ಬಂದಾಗ ಬೆಳಿಗ್ಗೆ ಯಾರೂ ಏಳುವ ಮುಂಚೆ ನಾವಿಬ್ಬರೇ ಹೋಗೋಣ. ಮೊದಲು ಇಳಿದು ಹಿಂದೆ ನೋಡಿ ಬಾ. ಹ್ಯಾಂಡ್ ಬ್ರೇಕ್ ಹಾಕಿಯೇ ರಿವರ್ಸ್ ಗೇರಿಗೆ ಹಾಕು. ಕನ್ನಡಿಯನ್ನು ಸ್ವಲ್ಪ ಕೆಳಗೆ ಬಗ್ಗಿಸು, ಹಿಂದಿನ ಚಕ್ರ ಕಾಣಲಿ. ಯಾರಾದರೂ "ಬರ್ಲಿ" ಅಂದರೂ ನಿನ್ನ ಕಣ್ಣಿಗೆ ಕಾಣದ ಕಡೆಗೆ ಕಾರು ಬಿಡಬೇಡ. ಕೋಲು ಬಿದ್ದರೆ ನಾನು ಮತ್ತೆ ನೆಡುತ್ತೇನೆ. ಎಷ್ಟು ಸಲ ಬಿದ್ದರೂ ಸರಿ.

ಮುರಿದ 2 ಕ್ಲಿಪ್‌ಗಳನ್ನು ನಿನ್ನ ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಹೊಸದನ್ನು ಹಾಕಿಸಿಯಾಗಿದೆ, ಆದರೆ ಎಲ್ಲಿ ಹೇಗೆ ಸಿಕ್ಕುತ್ತವೆ ಅಂತ ನೀನೇ ಒಂದು ಸಲ ನೋಡು.

ಕಾಫಿ ಹಣ್ಣಾಗುತ್ತಿದೆ, ಇನ್ನೊಂದು ವಾರದಲ್ಲಿ ಕೊಯ್ಲು ಶುರು. ಕಿತ್ತಳೆ ಗಿಡದಲ್ಲಿ ನಿನಗೆಂದು 10-12 ಹಣ್ಣು ಬಿಟ್ಟಿದ್ದೇನೆ.

ಮೈಸೂರಿನಲ್ಲಿ ಬಸ್ ಹತ್ತಿದ ಕೂಡಲೇ ಫೋನ್ ಮಾಡು. ಬಸ್ ಸ್ಟ್ಯಾಂಡಿಗೆ ಕಾರು ನಾನು ತರುತ್ತೇನೆ. ಮನೆಯವರೆಗೆ ನೀನು ಓಡಿಸಿಕೊಂಡು ಬಾ.

ನಿನ್ನ
ಅಮ್ಮ